ನೆನಪಿನ ಪ್ರಾಜೆಕ್ಟ್‌ಗೆ ಯಾವ ಸಿರೊಟೋನಿನ್ ರಿಸೆಪ್ಟರ್ ಹಿಡಿಯೋದು?

ಸಿನಾಪ್ಸಿಸ್ (ಪ್ರಾಜೆಕ್ಟಿನ ರೂಪುರೇಷೆ) ಕೊಡುವ ಕಾಲ ಬಂತೆಂದರೆ ಮೈಸೂರಿನ ಫಾರ್ಮಸಿ ಕಾಲೇಜುಗಳ ಕ್ಯಾಂಟೀನಿನಲ್ಲೂ ಮಂಡ್ಯ ಜಿಲ್ಲೆಯ ಬಿ.ಜಿ. ನಗರದ ಹಾಸ್ಟೆಲ್ಲಿನಲ್ಲೂ ಒಂದೇ ಮಾತು. 'ಟಾಪಿಕ್ ಏನು ತಗೊಂಡೆ?' ಡಯಾಬಿಟಿಸ್, ಲಿವರ್, ಗಾಯ ಮಾಯುವುದು, ಇವೆಲ್ಲ ಸೀನಿಯರ್‌ಗಳು ಅರೆದು ಮುಗಿಸಿದ ವಿಷಯಗಳು. ಹಾಗಾಗಿ ಪ್ರತಿ ಬ್ಯಾಚಿನಲ್ಲೂ ಒಂದಿಬ್ಬರು ನೆನಪಿನ ಕಡೆ ತಿರುಗುತ್ತಾರೆ. ಅವರಲ್ಲಿ ಒಬ್ಬರಾದರೂ ಬಂದು ಕೇಳುತ್ತಾರೆ: 'ಸಾರ್, ಸಿರೊಟೋನಿನ್ ರಿಸೆಪ್ಟರ್ ಬ್ಲಾಕ್ ಮಾಡಿ ನೆನಪು ನೋಡ್ಲಾ? ಯಾವ ರಿಸೆಪ್ಟರ್ ತಗೊಳ್ಲಿ?'

ಸಿರೊಟೋನಿನ್ ಅಂದರೆ ಮಿದುಳಿನ ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಲು ಬಳಸುವ ರಾಸಾಯನಿಕ, ಚಿಕ್ಕದಾಗಿ 5-ಎಚ್‌ಟಿ. ಆ ಸುದ್ದಿ ಹಿಡಿಯುವ, ಕೋಶದ ಮೇಲಿನ ಪ್ರೋಟೀನೇ ರಿಸೆಪ್ಟರ್; ಅದನ್ನು ತಡೆಯುವ ಔಷಧಿ ಬ್ಲಾಕರ್. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ಮಾಮೂಲಿ ಲ್ಯಾಬ್, ಒಂದು ವರ್ಷದ ಸಮಯ, ಸ್ವಂತ ಜೇಬಿನಿಂದ ಹಾಕಬೇಕಾದ ದುಡ್ಡು ಅಂದರೆ 5-ಎಚ್‌ಟಿ3. ಹೊರಗಿನಿಂದ ರಾಸಾಯನಿಕ ತರಿಸಲು ಹಣವಿದೆ, ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಒಳ್ಳೆಯ ಎಚ್‌ಪಿಎಲ್‌ಸಿ ಯಂತ್ರವೂ ಸಿಗುತ್ತದೆ ಅಂದರೆ 5-ಎಚ್‌ಟಿ6. 5-ಎಚ್‌ಟಿ2ಎ ಹೆಸರು ದೊಡ್ಡದು, ನೆನಪಿನ ಮಟ್ಟಿಗೆ ತಲೆನೋವೇ ಜಾಸ್ತಿ. 5-ಎಚ್‌ಟಿ4 ಅನ್ನು ಬ್ಲಾಕ್ ಮಾಡಿದರೆ ನೆನಪು ಕೆಡುವ ಕಡೆಗೇ ಹೋಗುತ್ತದೆ. ಯಾಕೆ ಹೀಗೆ ಅನ್ನುವುದು ಗೊತ್ತಾದರೆ ಟಾಪಿಕ್ ತಾನಾಗಿಯೇ ಆಯ್ಕೆಯಾಗುತ್ತದೆ.

ಕಡಿಮೆಯಾದರೆ ಪೆಟ್ಟು, ತಡೆದರೆ ಲಾಭ?

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು (ಎಕ್ಸ್‌ಟರ್ನಲ್) ಕೇಳುವ ಮೊದಲ ಪ್ರಶ್ನೆ ಇದೇ ಇರುತ್ತದೆ, ಬರೆದಿಟ್ಟುಕೊಳ್ಳಿ. ಸಿರೊಟೋನಿನ್ ತಯಾರಾಗುವುದು ಟ್ರಿಪ್ಟೊಫ್ಯಾನ್‌ನಿಂದ. ಟ್ರಿಪ್ಟೊಫ್ಯಾನ್ ಒಂದನ್ನು ಬಿಟ್ಟು ಉಳಿದ ಅಮೈನೊ ಆಮ್ಲಗಳನ್ನು ಕಲಸಿದ ಪಾನೀಯ ಕುಡಿಸಿದರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಟ್ರಿಪ್ಟೊಫ್ಯಾನ್ ಇಳಿಯುತ್ತದೆ. ಮಿದುಳಿನಲ್ಲಿ ಸಿರೊಟೋನಿನ್ ತಯಾರಿಕೆಯೂ ಕುಸಿಯುತ್ತದೆ. ಹೀಗೆ ಕುಡಿಸಿದ ಆರೋಗ್ಯವಂತರಿಗೆ ಪದಗಳ ಪಟ್ಟಿಯೊಂದನ್ನು ಕಲಿಸಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಮಾಮೂಲಿಗಿಂತ ಕಮ್ಮಿ ಪದ ನೆನಪಿಗೆ ಬರುತ್ತವೆ. ಅಂದರೆ ಸಿರೊಟೋನಿನ್ ಕಮ್ಮಿಯಾದರೆ ನೆನಪಿಗೆ ಪೆಟ್ಟು. ಹಾಗಿದ್ದ ಮೇಲೆ ಅದರ ರಿಸೆಪ್ಟರ್ ಬ್ಲಾಕ್ ಮಾಡಿದರೆ ನೆನಪು ಸುಧಾರಿಸುವುದು ಹೇಗೆ?

ರಿಸೆಪ್ಟರ್ ಯಾವ ಕೋಶದ ಮೇಲೆ ಕೂತಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮಿದುಳಿನ ಕಾಂಡದಲ್ಲಿರುವ ರಾಫೆ ಎಂಬ ಕೋಶಗುಂಪಿನಿಂದ ಸಿರೊಟೋನಿನ್ ನರತಂತುಗಳು ಮಿದುಳಿನ ತುಂಬ ಹರಡಿವೆ. ಸಿರೊಟೋನಿನ್ ಹಿಡಿಯುವ ರಿಸೆಪ್ಟರ್‌ಗಳು ಏಳು ಕುಟುಂಬ, ಸುಮಾರು 14 ಬಗೆ. 5-ಎಚ್‌ಟಿ3 ಒಂದು ಅಯಾನ್ ಚಾನೆಲ್ (ವಿದ್ಯುದಂಶದ ಕಣಗಳನ್ನು ಒಳಬಿಡುವ ಬಾಗಿಲು), ತೆರೆದ ತಕ್ಷಣ ಕೋಶ ಚುರುಕಾಗುತ್ತದೆ. ಉಳಿದವೆಲ್ಲ ಕೋಶದೊಳಗಿನ ಜಿ-ಪ್ರೋಟೀನಿನ ಮೂಲಕ ನಿಧಾನಕ್ಕೆ ಕೆಲಸ ಮಾಡುವಂಥವು. ಸಾಮಾನ್ಯವಾಗಿ 1ರ ಕುಟುಂಬ ಕೋಶವನ್ನು ತಣ್ಣಗಾಗಿಸುತ್ತದೆ. 2, 4, 6, 7 ಎಬ್ಬಿಸುತ್ತವೆ. ಪಠ್ಯಪುಸ್ತಕದ ಈ ಟೇಬಲ್ ಒಂದನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ಎಬ್ಬಿಸುವ ರಿಸೆಪ್ಟರ್ ತಡೆಯುವ ಕೋಶದ ಮೇಲೆ ಕೂತಿದ್ದರೆ ಕೊನೆಗೆ ಸಿಗುವುದು ತಡೆಯೇ ಅಲ್ವಾ?

ಮಂಡ್ಯದವರಿಗೆ ನಾಲೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಹತ್ತುತ್ತದೆ. ಗಾಬಾ ಎಂಬ ತಡೆಯುವ ರಾಸಾಯನಿಕ ಬಿಡುವ ಕೋಶ ತೂಬಿನ ಹತ್ತಿರ ನಿಂತ ನೀರಗಂಟಿ. ನೆನಪಿಗೆ ಬೇಕಾದ ಸುದ್ದಿ ರಾಸಾಯನಿಕಗಳಾದ ಅಸೆಟೈಲ್‌ಕೋಲಿನ್, ಗ್ಲುಟಮೇಟ್ ಎರಡೂ ನಾಲೆಯ ನೀರು. 5-ಎಚ್‌ಟಿ6, 5-ಎಚ್‌ಟಿ3 ಇವೆರಡರ ಮೂಲಕ ಸಿರೊಟೋನಿನ್ ನೀರಗಂಟಿಗೆ 'ತೂಬು ಇಳಿಸು' ಅನ್ನುತ್ತದೆ. ಆ ಮಾತು ಅವನ ಕಿವಿಗೆ ಬೀಳದಂತೆ ಮಾಡಿದರೆ ತೂಬು ತೆರೆದೇ ಇರುತ್ತದೆ, ನೀರು ಗದ್ದೆಗೆ ಹರಿಯುತ್ತದೆ. ಮಿದುಳಿನ ಭಾಗಗಳಾದ ಹಿಪೊಕ್ಯಾಂಪಸ್, ಮುಂಭಾಗದ ಕಾರ್ಟೆಕ್ಸ್ ಇವೇ ಆ ಗದ್ದೆ. ನೆನಪು ಬೆಳೆಯುವುದು ಅಲ್ಲಿ.

5-ಎಚ್‌ಟಿ6: ಇಲಿಯಲ್ಲಿ ಹಬ್ಬ, ಮನುಷ್ಯರಲ್ಲಿ ಬರಗಾಲ

ಓದಲು ಅತ್ಯಂತ ಸ್ವಾರಸ್ಯದ ರಿಸೆಪ್ಟರ್ ಇದು. 1993ರಲ್ಲಿ ಇಲಿಯಲ್ಲಿ ಇದರ ಜೀನ್ ಸಿಕ್ಕಿತು, 1996ರಲ್ಲಿ ಮನುಷ್ಯರಲ್ಲಿ. ಮಿದುಳು ಬಿಟ್ಟರೆ ಮೈಯಲ್ಲಿ ಬೇರೆಲ್ಲೂ ಹೆಚ್ಚಾಗಿ ಇಲ್ಲ. ಔಷಧಿ ಕಂಪನಿಗಳಿಗೆ ಇದು ಬಾಯಲ್ಲಿ ನೀರೂರಿಸುವ ಸಂಗತಿ: ಹೊಟ್ಟೆ, ಹೃದಯದ ಗೋಜಿಲ್ಲದೆ ಮಿದುಳನ್ನು ಮಾತ್ರ ಮುಟ್ಟಬಹುದು.

ನೆನಪಿನ ಸಂಬಂಧ ಗೊತ್ತಾದ ರೀತಿಯೂ ವಿಚಿತ್ರ. ಆಗ ಇದಕ್ಕೆ ಸರಿಯಾದ ಬ್ಲಾಕರ್ ಇರಲಿಲ್ಲ. 1995ರಲ್ಲಿ ಸಂಶೋಧಕರು ಇಲಿಗಳ ಮಿದುಳಿಗೆ ಆಂಟಿಸೆನ್ಸ್ ತುಣುಕು (ಒಂದು ಜೀನಿನ ಸಂದೇಶವನ್ನು ತಡೆಯುವ ಡಿಎನ್‌ಎ ಚೂರು) ಬಿಟ್ಟು ಈ ರಿಸೆಪ್ಟರ್ ತಯಾರಾಗುವುದನ್ನೇ ಕಡಿಮೆ ಮಾಡಿದರು. ಇಲಿಗಳು ಆಕಳಿಸತೊಡಗಿದವು, ಮೈಮುರಿದವು, ಸುಮ್ನೆ ಬಾಯಾಡಿಸುತ್ತ ಕೂತವು. ಆಟ್ರೊಪಿನ್ ಕೊಟ್ಟಾಗ ಅದು ನಿಂತಿತು. ಆಟ್ರೊಪಿನ್ ತಡೆಯುವುದು ಅಸೆಟೈಲ್‌ಕೋಲಿನ್‌ನ ಮಸ್ಕರಿನಿಕ್ ರಿಸೆಪ್ಟರನ್ನು. ಹಾಗಾದರೆ 5-ಎಚ್‌ಟಿ6 ಕಡಿಮೆಯಾದಾಗ ಅಸೆಟೈಲ್‌ಕೋಲಿನ್ ಕೆಲಸ ಜೋರಾಗುತ್ತದೆ ಅಂತ ಅರ್ಥ. ಮರೆವಿನ ರೋಗವಾದ ಅಲ್ಝೈಮರ್‌ನಲ್ಲಿ ಕಮ್ಮಿಯಾಗುವುದೂ ಅಸೆಟೈಲ್‌ಕೋಲಿನ್ನೇ. ಎರಡನ್ನೂ ಜೋಡಿಸಲು ಯಾರಿಗೂ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಆಮೇಲೆ ಎಸ್‌ಬಿ-271046ನಂಥ ಬ್ಲಾಕರ್‌ಗಳು ಬಂದವು. ಎಚ್ಚರವಾಗಿ ಓಡಾಡುತ್ತಿರುವ ಇಲಿಯ ಮಿದುಳಿನಲ್ಲಿ ಕೂದಲೆಳೆಯಂಥ ನಳಿಕೆ ಇಟ್ಟು ದ್ರವ ಹೀರಿ ನೋಡುವ ವಿಧಾನಕ್ಕೆ ಮೈಕ್ರೊಡಯಾಲಿಸಿಸ್ ಅನ್ನುತ್ತಾರೆ. ಅದರಲ್ಲಿ ಮುಂಭಾಗದ ಕಾರ್ಟೆಕ್ಸ್ ಮತ್ತು ಹಿಪೊಕ್ಯಾಂಪಸ್‌ನ ಗ್ಲುಟಮೇಟ್ ಏರಿದ್ದು ಕಂಡಿತು. ಅದೇ ಜಾಗಗಳಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್, ಸಿರೊಟೋನಿನ್ ಕದಲಲಿಲ್ಲ. ಈ ಗುಂಪಿನ ಬೇರೆ ಬ್ಲಾಕರ್‌ಗಳಲ್ಲಿ ಅಸೆಟೈಲ್‌ಕೋಲಿನ್ ಏರಿದ್ದೂ ದಾಖಲಾಗಿದೆ. ನೋಡಿ, ಸಿರೊಟೋನಿನ್ ರಿಸೆಪ್ಟರ್ ಮುಚ್ಚಿದರೆ ಬದಲಾಗುವುದು ಸಿರೊಟೋನಿನ್ ಅಲ್ಲ, ಅದರ ನೆರೆಹೊರೆಯವು. ಸಿನಾಪ್ಸಿಸ್‌ನಲ್ಲಿ 'ಸಿರೊಟೋನಿನ್ ಪ್ರಮಾಣ ಅಳೆಯುತ್ತೇವೆ' ಅಂತ ಬರೆಯುವ ಮುನ್ನ ಇದನ್ನು ಯೋಚಿಸಿ.

ಇನ್ನು ಮನುಷ್ಯರ ಕಥೆ. ಲುಂಡ್‌ಬೆಕ್ ಕಂಪನಿಯ ಬ್ಲಾಕರ್ ಇಡಾಲೊಪಿರ್ಡಿನ್ ಪರೀಕ್ಷೆಯ ಎರಡನೇ ಹಂತದಲ್ಲಿ 278 ಅಲ್ಝೈಮರ್ ರೋಗಿಗಳಲ್ಲಿ ಚೆನ್ನಾಗಿ ಕಂಡಿತು. ಅಲ್ಝೈಮರ್‌ಗೆ ಮಾಮೂಲಾಗಿ ಕೊಡುವ ಡೊನೆಪೆಜಿಲ್ ಜೊತೆ ದಿನಕ್ಕೆ 90 ಮಿ.ಗ್ರಾಂ, 24 ವಾರ. ಫಲಿತಾಂಶ 2014ರಲ್ಲಿ ಪ್ರಕಟವಾದಾಗ ಎಲ್ಲರೂ ಎದ್ದು ಕೂತರು. ಮೂರನೇ ಹಂತದ ಮೂರು ಪರೀಕ್ಷೆಗಳಲ್ಲಿ ಒಟ್ಟು 2,525 ಜನ, ಡೋಸ್ 10ರಿಂದ 60 ಮಿ.ಗ್ರಾಂ. 2018ರ ಜನವರಿಯಲ್ಲಿ ಬಂದ ಉತ್ತರ: ಏನೂ ಪ್ರಯೋಜನವಿಲ್ಲ. ಅಷ್ಟರೊಳಗೆ ಆಕ್ಸೊವಾಂಟ್ ಎಂಬ ಹೊಸ ಕಂಪನಿ ಗ್ಲಾಕ್ಸೊ ಕೈಬಿಟ್ಟಿದ್ದ ಇಂಟೆಪಿರ್ಡಿನ್ ಅನ್ನು 50 ಲಕ್ಷ ಡಾಲರ್ ಕೊಟ್ಟು ಕೊಂಡು, ಅದರ ಬಲದ ಮೇಲೆ ಶೇರು ಮಾರುಕಟ್ಟೆಗೆ ಇಳಿದಿತ್ತು. 1,315 ರೋಗಿಗಳ ಪರೀಕ್ಷೆಯಲ್ಲಿ ಅದೂ 2017ರ ಸೆಪ್ಟೆಂಬರಿನಲ್ಲಿ ಮಗುಚಿತು. ನಮ್ಮ ಪಕ್ಕದ ಹೈದರಾಬಾದಿನ ಸುವೆನ್ ಕಂಪನಿಯ ಮಸುಪಿರ್ಡಿನ್ ಕೂಡ 564 ಜನರ ಎರಡನೇ ಹಂತದಲ್ಲಿ ನೆನಪಿನ ಗುರಿ ಮುಟ್ಟಲಿಲ್ಲ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಅಲ್ಝೈಮರ್ ರೋಗಿಗಳ ಚಡಪಡಿಕೆಗೆ ಅದೇ ಮಾತ್ರೆ ಕೆಲಸ ಮಾಡುತ್ತದೆಯೇ ಅಂತ ಮೂರನೇ ಹಂತಕ್ಕೆ ಒಯ್ದರು.

ಯಾಕೆ ಬಿತ್ತು? ನನಗೆ ಒಪ್ಪುವ ಕಾರಣ ಸರಳ. ಲ್ಯಾಬಿನ ಇಲಿ ಎಳೆಯದು, ಮಿದುಳು ಗಟ್ಟಿ, ಒಂದು ಇಂಜೆಕ್ಷನ್‌ನಿಂದ ಅರ್ಧ ದಿನದ ಮಟ್ಟಿಗೆ ಮರೆವು ತಂದಿರುತ್ತೇವೆ. 75 ದಾಟಿದ ರೋಗಿಯಲ್ಲಿ ಅಸೆಟೈಲ್‌ಕೋಲಿನ್ ತಯಾರಿಸುವ ಕೋಶಗಳೇ ಸಾಯುತ್ತಿರುತ್ತವೆ. ಜೊತೆಗೆ ಡೊನೆಪೆಜಿಲ್ ಆಗಲೇ ಹೊಟ್ಟೆಯಲ್ಲಿದೆ. ಇನ್ನೂ ಒಂದು ತೊಡಕಿದೆ: ಇಲಿಗಳಲ್ಲಿ 5-ಎಚ್‌ಟಿ6 ಬ್ಲಾಕ್ ಮಾಡಿದರೂ ನೆನಪು ಸುಧಾರಿಸುತ್ತದೆ, ಪ್ರಚೋದಿಸಿದರೂ ಸುಧಾರಿಸುತ್ತದೆ! ಇ-6801, ವೇ-181187 ಎಂಬ ಪ್ರಚೋದಕಗಳಲ್ಲಿ ಇದನ್ನು ನೋಡಿದ್ದಾರೆ. ಎರಡೂ ಕಡೆಯಿಂದ ಒಂದೇ ಫಲ ಬಂದರೆ ನಮಗೆ ಕೋಶಜಾಲ ಪೂರ್ತಿ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಪ್ರಾಜೆಕ್ಟ್‌ಗೆ ಇದು ಒಳ್ಳೆಯ ಸುದ್ದಿ, ಏಕೆಂದರೆ ಕೇಳಲು ಪ್ರಶ್ನೆ ಉಳಿದಿದೆ.

ತೊಂದರೆ ಇರುವುದು ದುಡ್ಡಿನಲ್ಲಿ. ಇವು ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ರಿಸರ್ಚ್ ಕೆಮಿಕಲ್ ಆಗಿ ಮಿಲಿಗ್ರಾಂ ಲೆಕ್ಕದಲ್ಲಿ ತರಿಸಬೇಕು. 200 ಗ್ರಾಂ ಇಲಿಗೆ ಕಿಲೋಗೆ 10 ಮಿ.ಗ್ರಾಂ ಅಂದರೆ ಒಂದು ಡೋಸ್‌ಗೆ 2 ಮಿ.ಗ್ರಾಂ. ಎಂಟು ಇಲಿಯ ಒಂದು ಗುಂಪಿಗೆ ಒಂದು ವಾರ ಕೊಟ್ಟರೆ 112 ಮಿ.ಗ್ರಾಂ. ಅದೂ ಒಂದೇ ಗುಂಪಿಗೆ. ಕೊಟೇಶನ್ ತರಿಸಿ ನೋಡಿ, ಆಮೇಲೆ ಗೈಡ್ ಹತ್ತಿರ ಹೋಗಿ.

5-ಎಚ್‌ಟಿ3: ವಾಂತಿ ಮಾತ್ರೆಯ ಇನ್ನೊಂದು ಮುಖ

ಮಗುವಿಗೆ ವಾಂತಿಯಾದರೆ ಡಾಕ್ಟರ್ ಬರೆದುಕೊಡುವ ಎಮೆಸೆಟ್ ಗೊತ್ತಲ್ವಾ? ಅದರೊಳಗಿರುವ ಒಂಡನ್‌ಸೆಟ್ರಾನ್ 5-ಎಚ್‌ಟಿ3 ಬ್ಲಾಕರ್. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆಂದು ಅಮೆರಿಕದಲ್ಲಿ 1991ರಲ್ಲಿ ಒಪ್ಪಿಗೆ ಸಿಕ್ಕ ಔಷಧಿ. ಅದಕ್ಕೂ ಮುಂಚೆ, 1989ರಲ್ಲೇ, ಇಲಿಯ ಕಾರ್ಟೆಕ್ಸ್ ತುಣುಕುಗಳಲ್ಲಿ 5-ಎಚ್‌ಟಿ3 ಅಸೆಟೈಲ್‌ಕೋಲಿನ್ ಬಿಡುಗಡೆಯನ್ನು ಹಿಡಿದಿಡುತ್ತದೆ, ಒಂಡನ್‌ಸೆಟ್ರಾನ್ ಆ ಹಿಡಿತ ಬಿಡಿಸುತ್ತದೆ ಎಂದು ತೋರಿಸಿದ್ದರು. ಇಲಿ ಮತ್ತು ಮಾರ್ಮೊಸೆಟ್ ಕೋತಿಗಳ ಕಲಿಕೆಯ ಪರೀಕ್ಷೆಯಲ್ಲೂ ಫಲ ಕಂಡಿತ್ತು.

ಇದರ ದೊಡ್ಡ ಅನುಕೂಲ ಡೋಸ್. ಇಲಿಗಳಲ್ಲಿ ನೆನಪಿಗೆ ಕೆಲಸ ಮಾಡುವುದು ತೀರಾ ಕಡಿಮೆ ಪ್ರಮಾಣ. ಕಿಲೋಗೆ 0.1 ಮಿ.ಗ್ರಾಂ ಇಟ್ಟುಕೊಂಡರೆ 200 ಗ್ರಾಂ ಇಲಿಗೆ 0.02 ಮಿ.ಗ್ರಾಂ ಸಾಕು. 2 ಮಿ.ಲೀ. ಆಂಪ್ಯೂಲ್‌ನಲ್ಲಿ 4 ಮಿ.ಗ್ರಾಂ ಇರುತ್ತದೆ, ಲೆಕ್ಕಕ್ಕೆ 200 ಡೋಸ್! ಮೇಲಿನ 112 ಮಿ.ಗ್ರಾಂ ಜೊತೆ ಹೋಲಿಸಿ ನೋಡಿ. ತೆಳುಗೊಳಿಸುವ ಕೆಲಸ ಮಾತ್ರ ಜೋಪಾನವಾಗಿ ಆಗಬೇಕು. ನಾರ್ಮಲ್ ಸಲೈನ್‌ನಲ್ಲಿ ಎರಡು ಹಂತದಲ್ಲಿ ತೆಳು ಮಾಡಿ, ಅವತ್ತಿನದು ಅವತ್ತೇ ಬಳಸಿ.

ಆದರೆ ಡೋಸ್ ಏರಿಸಿದಷ್ಟೂ ಫಲ ಏರುವುದಿಲ್ಲ. ಒಂದು ಮಟ್ಟದವರೆಗೆ ಏರಿ, ಆಮೇಲೆ ಇಳಿಯುತ್ತದೆ. ಹಾಗಾಗಿ ಒಂದೇ ಡೋಸ್ ಇಟ್ಟುಕೊಂಡು ಹೊರಟವರು ಬರಿಗೈಯಲ್ಲಿ ಬರುವ ಸಾಧ್ಯತೆ ಜಾಸ್ತಿ. ಕಡಿಮೆ, ನಡು, ಹೆಚ್ಚು ಅಂತ ಮೂರು ಇರಲೇಬೇಕು. 0.01, 0.1, 1 ಎಂದು ಹತ್ತರ ಅಂತರದಲ್ಲಿ ಇಟ್ಟರೆ ಇಳಿಜಾರು ಕಣ್ಣಿಗೆ ಬೀಳುತ್ತದೆ.

ಇದೇ ಗುಂಪಿನ ಟ್ರೊಪಿಸೆಟ್ರಾನ್ ಮೇಲೆ ಕಣ್ಣು ಹಾಕಬೇಡಿ. ಅದು 5-ಎಚ್‌ಟಿ3 ತಡೆಯುವುದರ ಜೊತೆಗೆ ಅಸೆಟೈಲ್‌ಕೋಲಿನ್‌ನ ಆಲ್ಫಾ-7 ನಿಕೊಟಿನಿಕ್ ರಿಸೆಪ್ಟರನ್ನು ಎಬ್ಬಿಸುತ್ತದೆ. ನೆನಪು ಸುಧಾರಿಸಿದರೆ ಯಾವುದರಿಂದ ಅಂತ ಹೇಳುತ್ತೀರಿ? ಒಂಡನ್‌ಸೆಟ್ರಾನ್ ಜೊತೆಗೆ ಇನ್ನೊಂದು ಬೇಕೆಂದರೆ ಗ್ರಾನಿಸೆಟ್ರಾನ್ ಸೇರಿಸಿಕೊಳ್ಳಿ.

ಮನುಷ್ಯರಲ್ಲಿ? ಅಲ್ಝೈಮರ್ ರೋಗಿಗಳ ಮೇಲೆ ಒಂಡನ್‌ಸೆಟ್ರಾನ್ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಆದರೂ ಈ ರಿಸೆಪ್ಟರ್ ಬದಿಗೆ ಸರಿದಿಲ್ಲ. 2013ರಲ್ಲಿ ಖಿನ್ನತೆಗೆ ಬಂದ ವೊರ್ಟಿಯಾಕ್ಸೆಟಿನ್ ಸಿರೊಟೋನಿನ್ ಮರುಹೀರಿಕೆ ತಡೆಯುವುದರ ಜೊತೆಗೆ 5-ಎಚ್‌ಟಿ3 ಮತ್ತು 5-ಎಚ್‌ಟಿ7 ಎರಡನ್ನೂ ಬ್ಲಾಕ್ ಮಾಡುತ್ತದೆ. ಖಿನ್ನತೆ ಇರುವವರಲ್ಲಿ ಯೋಚನೆಯ ವೇಗ ಅಳೆಯುವ ಅಂಕಿ-ಸಂಕೇತ ಪರೀಕ್ಷೆಯಲ್ಲಿ ಅದರಿಂದ ಸುಧಾರಣೆ ಕಂಡಿದೆ. ನಿಮ್ಮ ಇಂಟ್ರೊಡಕ್ಷನ್‌ಗೆ ಇದಕ್ಕಿಂತ ಒಳ್ಳೆಯ ಕೊಂಡಿ ಸಿಗದು.

5-ಎಚ್‌ಟಿ1ಎ: ಎರಡು ಮನೆಯ ಸಂಸಾರ

ಇದು ರಾಫೆಯಲ್ಲೂ ಇದೆ, ಹಿಪೊಕ್ಯಾಂಪಸ್‌ನಲ್ಲೂ ಇದೆ. ರಾಫೆಯಲ್ಲಿರುವುದು ಸಿರೊಟೋನಿನ್ ಕೋಶದ ಮೇಲೇ ಕೂತು 'ಸಾಕು ನಿಲ್ಲಿಸು' ಅನ್ನುವ ಆಟೊರಿಸೆಪ್ಟರ್. ಅದನ್ನು ತಡೆದರೆ ಸಿರೊಟೋನಿನ್ ಮೇಲಿನ ಕಡಿವಾಣ ಸಡಿಲವಾಗುತ್ತದೆ. ಹಿಪೊಕ್ಯಾಂಪಸ್‌ನದು ನೆನಪಿನ ಕೋಶವನ್ನೇ ತಣ್ಣಗಾಗಿಸುವಂಥದ್ದು. ಇದನ್ನು ಪ್ರಚೋದಿಸಿದರೆ ನೆನಪು ಕೆಡುತ್ತದೆ: ಇಲಿಯಲ್ಲಿ 8-ಒಎಚ್-ಡಿಪ್ಯಾಟ್ ಹಾಗೆ ಮಾಡುತ್ತದೆ, ಮನುಷ್ಯರಲ್ಲಿ ಟ್ಯಾಂಡೊಸ್ಪಿರೋನ್ ಪದಗಳ ನೆನಪನ್ನು ಕುಗ್ಗಿಸಿದ್ದು ದಾಖಲಾಗಿದೆ. ಹಾಗಾಗಿ ಬ್ಲಾಕ್ ಮಾಡಿದರೆ ಸುಧಾರಿಸಬೇಕು ಅನ್ನುವ ತರ್ಕ ಸರಿಯಾಗಿಯೇ ಇದೆ. ವೇ-100635 ಎಂಬ ಬ್ಲಾಕರ್ ಸ್ಕೊಪೊಲಮಿನ್ (ಮಸ್ಕರಿನಿಕ್ ರಿಸೆಪ್ಟರ್ ತಡೆದು ಮರೆವು ತರುವ ಔಷಧಿ) ತಂದ ಮರೆವನ್ನು ಇಲಿಗಳಲ್ಲಿ ಇಳಿಸಿದೆ. ವೈಯತ್ ಕಂಪನಿಯ ಲೆಕೊಜೋಟಾನ್ ಇದೇ ಆಸೆಯ ಮೇಲೆ ರೋಗಿಗಳವರೆಗೂ ಹೋಗಿ ನಿಂತುಹೋಯಿತು.

ಈ ಟಾಪಿಕ್ ಬಗ್ಗೆ ನನಗೆ ಅರೆಮನಸ್ಸು. ವೇ-100635 ಡೋಪಮಿನ್‌ನ ಡಿ4 ರಿಸೆಪ್ಟರ್ ಮೇಲೂ ಕೆಲಸ ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಮೈಗೆ ಚುಚ್ಚಿದ ಔಷಧಿ ರಾಫೆಯದನ್ನೂ ಹಿಪೊಕ್ಯಾಂಪಸ್‌ನದನ್ನೂ ಒಟ್ಟಿಗೇ ತಡೆಯುತ್ತದೆ. ಬೇರೆ ಮಾಡಿ ತೋರಿಸಲು ಮಿದುಳಿನೊಳಕ್ಕೇ ಸೂಜಿ ಇಳಿಸಬೇಕು. ಅದಕ್ಕೆ ಬೇಕಾದ ಸ್ಟೀರಿಯೊಟ್ಯಾಕ್ಸಿಕ್ ಉಪಕರಣ ಇರುವ ಲ್ಯಾಬಿನವರು ಮಾತ್ರ ಈ ಕಡೆ ಬನ್ನಿ.

5-ಎಚ್‌ಟಿ2ಎ: ಅಗ್ಗ ಅಂತ ಬೀಳುವ ಹಳ್ಳ

ಮನೋರೋಗಕ್ಕೆ ಕೊಡುವ ಓಲಾನ್ಜಪಿನ್, ರಿಸ್ಪೆರಿಡೋನ್, ಕ್ವೆಟಿಯಾಪಿನ್, ಖಿನ್ನತೆಗೆ ಕೊಡುವ ಮಿರ್ಟಾಜಪಿನ್, ಎಲ್ಲವೂ 2ಎ ತಡೆಯುತ್ತವೆ. ಎಲ್ಲವೂ ಸುಲಭವಾಗಿ ಸಿಗುತ್ತವೆ. ಹಸಿವು ಹೆಚ್ಚಿಸಲು ಕೊಡುವ ಸಿಪ್ರೊಹೆಪ್ಟಡಿನ್ ಸಿರಪ್ ಕೂಡ 5-ಎಚ್‌ಟಿ2 ಬ್ಲಾಕರ್. ಹಾಗಾಗಿ 'ಸಾರ್, ಇದು ಚೀಪು' ಅಂತ ಓಡಿ ಬರುತ್ತಾರೆ. ಆದರೆ ಸಿಪ್ರೊಹೆಪ್ಟಡಿನ್ ಹಿಸ್ಟಮಿನ್ ಎಚ್1 ಅನ್ನೂ ಮಸ್ಕರಿನಿಕ್ ರಿಸೆಪ್ಟರನ್ನೂ ತಡೆಯುತ್ತದೆ. ಒಂದರಿಂದ ನಿದ್ದೆ, ಇನ್ನೊಂದರಿಂದ ಮರೆವು. ಮರೆವು ತರಿಸಲು ಸ್ಕೊಪೊಲಮಿನ್ ಮಾಡುವ ಕೆಲಸವನ್ನೇ ನಿಮ್ಮ ಔಷಧಿಯೂ ಅಷ್ಟಿಷ್ಟು ಮಾಡಿದರೆ ಉತ್ತರ ಹೇಗೆ ಸಿಗುತ್ತದೆ? ಕೆಟಾನ್‌ಸೆರಿನ್ ಸ್ವಲ್ಪ ಮೇಲು, ಆದರೂ ಆಲ್ಫಾ-1 (ಅಡ್ರಿನಲಿನ್ ರಿಸೆಪ್ಟರ್) ಮತ್ತು ಎಚ್1 ಎರಡನ್ನೂ ಬಿಡುವುದಿಲ್ಲ.

ಶುದ್ಧ ಬ್ಲಾಕರ್ ಸಿಕ್ಕರೂ ಚಿತ್ರ ಸ್ಪಷ್ಟವಿಲ್ಲ. 2ಎ ಹೆಚ್ಚಾಗಿ ಕೂತಿರುವುದು ಮುಂಭಾಗದ ಕಾರ್ಟೆಕ್ಸ್‌ನ ಪಿರಮಿಡ್ ಕೋಶಗಳ ಮೇಲೆ. ಕೋತಿಗಳು ಒಂದು ಜಾಗವನ್ನು ಕೆಲವು ಸೆಕೆಂಡ್ ನೆನಪಿಟ್ಟುಕೊಳ್ಳುವಾಗ ಆ ಕೋಶಗಳು ಹೇಗೆ ಮಿಡಿಯುತ್ತವೆ ಎಂದು ಅಳೆದು 2002ರಲ್ಲಿ ಪ್ರಕಟಿಸಿದರು. 2ಎ ತಡೆದಾಗ ಆ ಮಿಡಿತದ ಮೊನಚು ಕಡಿಮೆಯಾಯಿತು. ಭ್ರಮೆಗಳಿಗೆ 2ಎ ತಡೆಯುವುದು ಒಳ್ಳೆಯದು. ಪಾರ್ಕಿನ್‌ಸನ್ ರೋಗಿಗಳ ಭ್ರಮೆಗೆ ಪಿಮಾವನ್‌ಸೆರಿನ್‌ಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೂ ಅದಕ್ಕೇ. ನೆನಪಿನ ಲೆಕ್ಕ ಬೇರೆ.

ಉಳಿದವು

5-ಎಚ್‌ಟಿ4 ಉಲ್ಟಾ. ಇಲ್ಲಿ ಪ್ರಚೋದಿಸಿದರೆ ಅಸೆಟೈಲ್‌ಕೋಲಿನ್ ಏರುತ್ತದೆ, ಬ್ಲಾಕ್ ಮಾಡಿದರೆ ಆ ಲಾಭ ಹೋಗುತ್ತದೆ. ಮಲಬದ್ಧತೆಗೆ ಕೊಡುವ ಪ್ರುಕಲೊಪ್ರೈಡ್ ಇದರ ಪ್ರಚೋದಕ. ಆಕ್ಸ್‌ಫರ್ಡ್‌ನಲ್ಲಿ ಆರೋಗ್ಯವಂತರಿಗೆ ಒಂದೇ ಡೋಸ್ ಕೊಟ್ಟಾಗ ನೆನಪಿನ ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತು. ಒಂಡನ್‌ಸೆಟ್ರಾನ್ ಒಂದು ಕಡೆ, ಪ್ರುಕಲೊಪ್ರೈಡ್ ಇನ್ನೊಂದು ಕಡೆ ಇಟ್ಟು ಒಂದನ್ನು ತಡೆದು ಇನ್ನೊಂದನ್ನು ಎಬ್ಬಿಸಿ ಹೋಲಿಸುವುದು ಜಾಣ ಟಾಪಿಕ್. ಎರಡೂ ಸಯ್ಯಾಜಿರಾವ್ ರಸ್ತೆಯ ದೊಡ್ಡ ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯಬಹುದಾದ ಔಷಧಿಗಳು.

5-ಎಚ್‌ಟಿ7ರಲ್ಲಿ ಫಲಿತಾಂಶಗಳು ಒಂದಕ್ಕೊಂದು ಕೂಡಿಬರುವುದಿಲ್ಲ. ಬ್ಲಾಕರ್‌ನಿಂದ ಕೆಲವು ಪರೀಕ್ಷೆಗಳಲ್ಲಿ ಲಾಭ, ರಿಸೆಪ್ಟರೇ ಇಲ್ಲದಂತೆ ಮಾಡಿದ ಸುಂಡಿಲಿಗಳಲ್ಲಿ ಜಾಗದ ನೆನಪಿಗೆ ಪೆಟ್ಟು. 5-ಎಚ್‌ಟಿ2ಸಿ ತಡೆದರೆ ಮುಂಭಾಗದಲ್ಲಿ ಡೋಪಮಿನ್ ಏರುತ್ತದೆ, ಹಳೆಯ ನಿಯಮ ಬಿಟ್ಟು ಹೊಸದು ಕಲಿಯುವುದಕ್ಕೆ ಅನುಕೂಲ. ಎರಡೂ ಪಿಎಚ್‌ಡಿಗೆ ಇರಲಿ.

ಅಳೆಯುವುದು ಹೇಗೆ ಅನ್ನುವುದೇ ಅರ್ಧ ಆಯ್ಕೆ

ನೀರಿನಲ್ಲಿ ಮುಳುಗಿದ ಕಟ್ಟೆಯನ್ನು ಇಲಿ ಈಜಿ ಹುಡುಕುವ ಮಾರಿಸ್ ವಾಟರ್ ಮೇಜ್ ಎಲ್ಲರ ಬಾಯಲ್ಲೂ ಇದೆ. 1981ರಿಂದ ಬಳಕೆಯಲ್ಲಿರುವ ವಿಧಾನ, ಜಾಗದ ನೆನಪಿಗೆ ಒಳ್ಳೆಯದು. ಆದರೆ ಒಂದೂವರೆ ಮೀಟರ್ ಅಗಲದ ತೊಟ್ಟಿ, ಮೇಲೆ ಕ್ಯಾಮರಾ, ಗೋಡೆಯ ಗುರುತುಗಳು ಕದಲಬಾರದು. ನೀರಿನೊಳಗಿನ ಕಟ್ಟೆ ಕಾಣದಿರಲಿ ಅಂತ ನಂದಿನಿ ಹಾಲಿನ ಪುಡಿ ಕಲಸುತ್ತಾರೆ. ಏಪ್ರಿಲ್ ಬಿಸಿಲಿಗೆ ಸಂಜೆಯೊಳಗೆ ನಾರುತ್ತದೆ. ಡಿಸೆಂಬರಿನಲ್ಲಿ ನೀರು ಕೊರೆಯುತ್ತದೆ, ಹೀಟರ್ ಹಾಕಿ 22ರಿಂದ 25 ಡಿಗ್ರಿಗೆ ತರಬೇಕು. ಇಲ್ಲವಾದರೆ ಇಲಿ ಈಜುವುದು ನೆನಪಿನಿಂದಲ್ಲ, ಚಳಿಯಿಂದ.

ಬ್ಲಾಕರ್ ಪ್ರಾಜೆಕ್ಟ್‌ಗೆ ನಾನು ಹೇಳುವುದು ವಸ್ತು ಗುರುತಿಸುವ ಪರೀಕ್ಷೆ. 60 ಸೆಂ.ಮೀ. ಚೌಕದ ಡಬ್ಬಿ. ಮೊದಲು ಮೂರು ನಿಮಿಷ ಒಂದೇ ಥರದ ಎರಡು ಗಾಜಿನ ಬಾಟಲಿ. ಬಿಡುವು. ಆಮೇಲೆ ಒಂದು ಹಳೆಯ ಬಾಟಲಿ, ಪಕ್ಕದಲ್ಲಿ ಒಂದು ಸ್ಟೀಲ್ ಲೋಟ. ನೆನಪಿದ್ದರೆ ಇಲಿ ಲೋಟವನ್ನೇ ಜಾಸ್ತಿ ಮೂಸುತ್ತದೆ. ಮೂಗು ವಸ್ತುವಿನ ಕಡೆಗಿದ್ದು ಎರಡು ಸೆಂ.ಮೀ. ಒಳಗಿದ್ದರೆ ಮಾತ್ರ ಸ್ಟಾಪ್‌ವಾಚ್ ಒತ್ತಿ. ಲೋಟದ ಮೇಲೆ ಹತ್ತಿ ಕೂತು ಮೀಸೆ ಉಜ್ಜಿಕೊಳ್ಳುತ್ತಿದ್ದರೆ ಅದು ಲೆಕ್ಕಕ್ಕಿಲ್ಲ. ಪ್ರತಿ ಇಲಿಯ ನಂತರ ಡಬ್ಬಿ, ವಸ್ತು ಎರಡನ್ನೂ ತೆಳು ಸ್ಪಿರಿಟ್ಟಿನಲ್ಲಿ ಒರೆಸಿ. ಬಿಳಿ ಇಲಿಗೆ ಬೆಳಕು ಆಗುವುದಿಲ್ಲ, ಟ್ಯೂಬ್‌ಲೈಟ್ ಆರಿಸಿ ಮಂದ ಬಲ್ಬ್ ಹಾಕಿ.

ಬಿಡುವನ್ನು 24 ಗಂಟೆ ಇಟ್ಟರೆ ಮಾಮೂಲಿ ಇಲಿಯೂ ಮರೆತಿರುತ್ತದೆ. ಮರೆವು ತರಿಸಲು ಬೇರೆ ಔಷಧಿಯೇ ಬೇಡ. 5-ಎಚ್‌ಟಿ6 ಬ್ಲಾಕರ್‌ಗಳ ಒಳ್ಳೆಯ ಫಲಿತಾಂಶಗಳಲ್ಲಿ ಕೆಲವು ಹೀಗೇ ಬಂದವು. ಅಸೆಟೈಲ್‌ಕೋಲಿನ್ ದಾರಿಯನ್ನು ಕೇಳಬೇಕೆಂದರೆ ಸ್ಕೊಪೊಲಮಿನ್, ಗ್ಲುಟಮೇಟ್ ದಾರಿಯಾದರೆ ಗ್ಲುಟಮೇಟ್ ರಿಸೆಪ್ಟರ್ ತಡೆಯುವ ಎಂಕೆ-801 ಕೊಟ್ಟು ಮರೆವು ತರಿಸಿ. ಎರಡನ್ನೂ ಒಂದೇ ಪ್ರಾಜೆಕ್ಟಿಗೆ ತುರುಕಬೇಡಿ.

ಈಗ ರಸಾಯನದ ಭಾಗ. ನಮ್ಮ ಕಡೆ ನೆನಪಿನ ಥೀಸಿಸ್ ಅಂದರೆ ಎಲ್‌ಮನ್ ವಿಧಾನ ಇರಲೇಬೇಕು ಅನ್ನುವಂತಾಗಿದೆ. 412 ನ್ಯಾನೊಮೀಟರ್‌ನಲ್ಲಿ ಹಳದಿ ಬಣ್ಣ ನೋಡಿ ಅಸೆಟೈಲ್‌ಕೋಲಿನ್‌ಎಸ್ಟರೇಸ್ ಬರೆದುಬಿಡುವುದು. ಅದು ಅಸೆಟೈಲ್‌ಕೋಲಿನ್ ಒಡೆಯುವ ಕಿಣ್ವ. ಡೊನೆಪೆಜಿಲ್ ಆ ಕಿಣ್ವವನ್ನೇ ತಡೆಯುತ್ತದೆ, ಹಾಗಾಗಿ ಅದಕ್ಕೆ ಸರಿ. ಒಂಡನ್‌ಸೆಟ್ರಾನ್ ಮಾಡುವುದು ಬಿಡುಗಡೆ ಹೆಚ್ಚಿಸುವ ಕೆಲಸ. ಕಿಣ್ವ ಹಾಗೇ ಇದ್ದರೂ ಔಷಧಿ ಕೆಲಸ ಮಾಡಿರಬಹುದು. ಮಿದುಳು ಅರೆದು ಅಸೆಟೈಲ್‌ಕೋಲಿನ್ನನ್ನೇ ಅಳೆಯೋಣ ಅಂದರೆ ಇಲಿ ಸತ್ತ ಕೆಲವೇ ಕ್ಷಣಗಳಲ್ಲಿ ಅದು ಒಡೆದುಹೋಗುತ್ತದೆ. ಅದಕ್ಕೇ ದೊಡ್ಡ ಲ್ಯಾಬುಗಳಲ್ಲಿ ಮೈಕ್ರೊಡಯಾಲಿಸಿಸ್.

ಕಾಲೇಜಿನಲ್ಲಿ ಆಗುವುದು ಏನು? ಹಿಪೊಕ್ಯಾಂಪಸ್ ಮತ್ತು ಕಾರ್ಟೆಕ್ಸ್ ಅನ್ನು ಐಸ್ ಮೇಲೆ ಬೇಗ ಬೇರೆ ಮಾಡಿ, ಎಲೆಕ್ಟ್ರೊಕೆಮಿಕಲ್ ಡಿಟೆಕ್ಟರ್ ಇರುವ ಎಚ್‌ಪಿಎಲ್‌ಸಿಯಲ್ಲಿ ಸಿರೊಟೋನಿನ್ ಜೊತೆಗೆ ಅದು ಒಡೆದು ಆಗುವ 5-ಎಚ್‌ಐಎಎ ಕೂಡ ಅಳೆದು, ಎರಡರ ಅನುಪಾತ ಬರೆಯುವುದು. ಬಳಕೆಯ ವೇಗ ಅದರಲ್ಲಿ ಗೊತ್ತಾಗುತ್ತದೆ. ಎಚ್‌ಪಿಎಲ್‌ಸಿ ಇಲ್ಲದವರು ಆರ್ಥೊ-ಥಾಲಾಲ್ಡಿಹೈಡ್ ಹಾಕಿ ಫ್ಲೋರಿಮೀಟರಿನಲ್ಲಿ ಸಿರೊಟೋನಿನ್ ನೋಡುತ್ತಾರೆ. ಅದು ಒಟ್ಟು ದಾಸ್ತಾನಿನ ಲೆಕ್ಕ, ಬಿಡುಗಡೆಯ ಲೆಕ್ಕವಲ್ಲ. ಥೀಸಿಸ್‌ನಲ್ಲಿ ಹಾಗೆಂದೇ ಬರೆದರೆ ಯಾರೂ ಬೈಯುವುದಿಲ್ಲ.

ಬ್ರಾಹ್ಮಿ ಸೇರಿಸ್ಲಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಹತ್ತಾರು ಅಂಶಗಳಿರುವ ಸೊಪ್ಪಿನ ಸಾರ ಹಾಕಿದ ಮೇಲೆ ರಿಸೆಪ್ಟರ್ ಹೆಸರು ಹೇಳುವ ಹಕ್ಕು ಹೋಯಿತು. ಬೇಡ.

ಮನೆಯವರು ಕೇಳಿದರೆ

ಪ್ರಾಜೆಕ್ಟ್ ವಿಷಯ ಗೊತ್ತಾದ ಮೇಲೆ ಮನೆಯಲ್ಲಿ ಕೇಳುತ್ತಾರೆ, 'ಅಜ್ಜನಿಗೆ ಆ ವಾಂತಿ ಮಾತ್ರೆ ಕೊಟ್ಟರೆ ಮರೆವು ಹೋಗುತ್ತೇನಪ್ಪಾ?' ಇಲ್ಲ. ಮನುಷ್ಯರಲ್ಲಿ ಫಲ ಕಂಡಿಲ್ಲ, ಮಲಬದ್ಧತೆ ಖಂಡಿತ ಬರಬಹುದು, ಹೃದಯದ ಲಯವೂ ಏರುಪೇರಾಗಬಹುದು. ಅಜ್ಜ ರಾತ್ರಿ ಗಲಾಟೆ ಮಾಡುತ್ತಾರೆ ಅಂತ ಯಾರೋ ಹೇಳಿದ ಕ್ವೆಟಿಯಾಪಿನ್ ತಂದು ಕೊಡುವುದು ಇನ್ನೂ ಅಪಾಯ. ಮರೆವಿನ ರೋಗ ಇರುವ ವಯಸ್ಸಾದವರಲ್ಲಿ ಈ ಗುಂಪಿನ (ಮನೋರೋಗದ) ಔಷಧಿಗಳಿಂದ ಸಾವಿನ ಸಾಧ್ಯತೆ ಹೆಚ್ಚುತ್ತದೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಕಟ್ಟೆಚ್ಚರ ಕೊಟ್ಟಿದೆ. ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಕರೆದುಕೊಂಡು ಹೋಗಿ, ಬಿ12 ಮತ್ತು ಥೈರಾಯ್ಡ್ ನೋಡಿಸಿ. ಮರೆವಿಗೆ ಅವೇ ಕಾರಣವಾಗಿದ್ದರೆ ಚಿಕಿತ್ಸೆ ಸುಲಭ.

ಸಿನಾಪ್ಸಿಸ್‌ನಲ್ಲಿ ಗುಂಪು ಬರೆಯುವಾಗ

ಒಂಡನ್‌ಸೆಟ್ರಾನ್ ಹಿಡಿದವರಿಗೆ ಏಳು ಗುಂಪು ಬೇಕು. ಸಲೈನ್ ಮಾತ್ರ; ಸ್ಕೊಪೊಲಮಿನ್ ಮಾತ್ರ; ಸ್ಕೊಪೊಲಮಿನ್ ಜೊತೆ ಡೊನೆಪೆಜಿಲ್; ಸ್ಕೊಪೊಲಮಿನ್ ಜೊತೆ ಒಂಡನ್‌ಸೆಟ್ರಾನ್‌ನ ಮೂರು ಡೋಸ್; ಕೊನೆಗೆ ಒಂಡನ್‌ಸೆಟ್ರಾನ್ ಮಾತ್ರ. ಈ ಕೊನೆಯದನ್ನು ದುಡ್ಡು ಉಳಿಸಲು ಬಿಡುವವರೇ ಜಾಸ್ತಿ. ಅದಿಲ್ಲದಿದ್ದರೆ ಔಷಧಿ ಇಲಿಯ ಓಡಾಟವನ್ನೇ ಬದಲಿಸಿತೋ ನೆನಪನ್ನು ಬದಲಿಸಿತೋ ಗೊತ್ತಾಗುವುದಿಲ್ಲ. ಎಂಟರ ಲೆಕ್ಕದಲ್ಲಿ 56 ಇಲಿ. ಪ್ರಾಣಿ ಎಥಿಕ್ಸ್ ಕಮಿಟಿ ಮೀಟಿಂಗಿನಲ್ಲಿ 'ಯಾಕಿಷ್ಟು?' ಅಂತ ಕೇಳೇ ಕೇಳುತ್ತಾರೆ. ಸ್ಯಾಂಪಲ್ ಸೈಜ್ ಲೆಕ್ಕದ ಪುಟವನ್ನು ಅನುಮತಿ ಅರ್ಜಿಯಾದ ಫಾರ್ಮ್ ಬಿ ಜೊತೆಗೇ ಪಿನ್ ಮಾಡಿ ಕೊಡಿ. ಮೀಟಿಂಗ್ ತಾರೀಖು ಕೇಳಿಕೊಂಡು ಅದಕ್ಕೂ ಮುಂಚೆಯೇ ಆಫೀಸಿಗೆ ತಲುಪಿಸಿ, ತಪ್ಪಿದರೆ ಮುಂದಿನ ಮೀಟಿಂಗಿಗೆ ಕಾಯಬೇಕು.